ಪಾಲು ಬಿಡೋದಿಲ್ಲ

ದಿನಕ್ಕೆ ಎರಡು ಸಲ ಸುದ್ದಿ, ಅಷ್ಟೇ. ಬೆಳಿಗ್ಗೆ ನಡಿಗೆ ಮುಗಿಸಿ ಕಾಲು ತೊಳೆದ ಮೇಲೆ ರೇಡಿಯೋ, ತಿಂಡಿಯಾದ ಮೇಲೆ ಪತ್ರಿಕೆ. ಪತ್ರಿಕೆಯಲ್ಲಿ ಮೊದಲು ಜಿಲ್ಲೆಯ ಪುಟ, ಆಮೇಲೆ ಆಟದ ಪುಟ, ಕೊನೆಗೆ ಮುಖಪುಟ. ದೀಪ ಹಚ್ಚಿದ ಮೇಲೆ ನಮ್ಮ ಮನೆಯಲ್ಲಿ ಸುದ್ದಿಗೆ ಪ್ರವೇಶವಿಲ್ಲ. ಟಿ.ವಿ. ಇದೆ, ಅದು ನನ್ನ ಹೆಂಡತಿಯ ಧಾರಾವಾಹಿಗಳಿಗೆ. ನಿವೃತ್ತ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ನಾನೂ ಇದ್ದೇನೆ. ಅಲ್ಲಿ ಏನನ್ನಾದರೂ ಕೊಳ್ಳಬೇಡಿ ಎಂಬ ಕರೆ ಆಗಾಗ ಬರುತ್ತದೆ. ಒಂದು ವಾರ ಬಿಸ್ಕತ್ತು, ಇನ್ನೊಂದು ವಾರ ಟೂತ್‌ಪೇಸ್ಟು. ಎಲ್ಲರೂ ಕೈ ಮುಗಿದ ಚಿತ್ರ ಹಾಕುತ್ತಾರೆ. ಯಾರು ಏನು ಬಿಟ್ಟರು ಎಂದು ಮಾತ್ರ ಯಾರೂ ಹೇಳುವುದಿಲ್ಲ.

ಈ ಶಿಸ್ತು ನನಗೆ ಹಾಸ್ಟೆಲಿನಿಂದ ಬಂದದ್ದು. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು. ಮುಂದೆ ನಾನು ಡ್ರಿಲ್ ಮೇಷ್ಟ್ರಾದೆ, ಗಂಟೆಯ ಜಾಗಕ್ಕೆ ಸೀಟಿ ಬಂತು. ಮಾಲೂರು, ಶ್ರೀನಿವಾಸಪುರ, ಕೋಲಾರ, ಕೊನೆಗೆ ಮುಳಬಾಗಿಲು, ಹೀಗೆ ನಾಲ್ಕೂ ಕಡೆ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿದ್ದೇನೆ. ಆ ಕಾಲದಲ್ಲಿ ಬಂದ್ ಎಂದರೆ ನನಗೆ ಒಂದೇ ಅರ್ಥ: ಕಲ್ಲು ಬೀಳುವ ಮೊದಲು ಮಕ್ಕಳನ್ನು ಊರುವಾರು ಸಾಲು ಮಾಡಿ ಮನೆಗೆ ಕಳಿಸುವುದು. ಯಾತಕ್ಕೆ ಬಂದ್ ಎಂದು ಮರುದಿನದ ಪತ್ರಿಕೆಯಲ್ಲಿ ಓದಿಕೊಳ್ಳುತ್ತಿದ್ದೆ.

ಸರ್ಕಾರಿ ನೌಕರನಾಗಿ ನಾನು ಮಾಡಿದ ಪ್ರತಿಭಟನೆ ಒಂದೇ. ಸಂಘದವರು ಹೇಳಿದರೆಂದು ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ಕೆಲಸ ಮಾಡಿದೆ. ಪಟ್ಟಿ ಕಟ್ಟಿದ ಕೈಯಲ್ಲೇ ಸೀಟಿ ಹಿಡಿದು ಡ್ರಿಲ್ ಮಾಡಿಸುತ್ತಿದ್ದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು, "ಸಾರ್, ಯಾರು ತೀರ್ಕೊಂಡ್ರು?" ಎಂದು ಕೇಳಿದಳು. ಯಾರೂ ಇಲ್ಲಮ್ಮ, ಭತ್ಯೆ ಎಂದೆ. ಪಾಪ, ಭತ್ಯೆ ಎಂಬುವರು ಯಾರೋ ನನ್ನ ನೆಂಟರು ಎಂದುಕೊಂಡಿರಬೇಕು, ತಲೆ ತಗ್ಗಿಸಿದಳು.

ಬಹಿಷ್ಕಾರವನ್ನೂ ಒಂದು ಸಲ ಮಾಡಿದ್ದೇನೆ, ಸಂಪೂರ್ಣವಾಗಿ ಸ್ವಂತದ್ದು. ಕೋಲಾರದ ಒಂದು ಹೋಟೆಲಿನಲ್ಲಿ ಎರಡನೇ ಸಲ ಸಾಂಬಾರ್ ಕೇಳಿದ ಮುದುಕರೊಬ್ಬರನ್ನು ಗಲ್ಲಾದವನು ಎಲ್ಲರೆದುರು ಬೈದ. ನಾನು ಅರ್ಧ ದೋಸೆ ಬಿಟ್ಟು ಎದ್ದೆ. ಮತ್ತೆ ಆ ಹೋಟೆಲಿಗೆ ಹೋಗಲಿಲ್ಲ. ಆ ಬೀದಿಗೂ ಹೋಗಲಿಲ್ಲ, ಸುತ್ತು ಹಾಕಿಕೊಂಡು ನಡೆದೆ. ಎಷ್ಟೋ ವರ್ಷದ ಮೇಲೆ ಯಾರದೋ ಮಾತಿನಲ್ಲಿ ತಿಳಿಯಿತು, ಆ ಹೋಟೆಲು ಮುಚ್ಚಿ ಅಲ್ಲಿ ಔಷಧಿ ಅಂಗಡಿಯಾಗಿ ಬಹಳ ಕಾಲವಾಗಿತ್ತು. "ನೀವೇ ಮುಚ್ಚಿಸಿದ್ದಾ?" ಎಂದು ಹೆಂಡತಿ ನಕ್ಕಳು.

ನಮ್ಮ ಊರು ಬೈರಕೂರು ಹೋಬಳಿಯಲ್ಲಿದೆ, ಆಂಧ್ರದ ಗಡಿಗೆ ಹತ್ತಿರ. ಮುಕ್ಕಾಲು ಮನೆಗಳಲ್ಲಿ ಹೊಸ್ತಿಲ ಒಳಗೆ ತೆಲುಗು, ಹೊರಗೆ ಕನ್ನಡ. ನನ್ನ ಹೆಂಡತಿಯದೂ ತೆಲುಗಿನ ತವರು. ಅವಳು ಎರಡು ಸೀಮೆಹಸು ಸಾಕಿದ್ದಾಳೆ. ಬೆಳಿಗ್ಗೆ, ಸಾಯಂಕಾಲ ಊರಿನ ಮಹಿಳಾ ಡೈರಿಗೆ ಹಾಲು ಹಾಕುತ್ತಾಳೆ. ಡೈರಿಯ ಅಧ್ಯಕ್ಷೆ ನಮ್ಮ ಎದುರುಮನೆಯಾಕೆ. ಇಬ್ಬರೂ ಒಂದೇ ವರ್ಷ ಈ ಬೀದಿಗೆ ಸೊಸೆಯರಾಗಿ ಬಂದವರು. ಡೈರಿ ಶುರುವಾದಾಗಿನಿಂದ ಕ್ಯಾನು ಹಿಡಿದು ಜೊತೆಯಾಗಿ ಹೋಗಿ ಜೊತೆಯಾಗಿ ಬರುವುದು. ಒಬ್ಬಳು ತಡವಾದರೆ ಇನ್ನೊಬ್ಬಳು ಬಾಗಿಲಲ್ಲಿ ನಿಂತು ಬೈಯುತ್ತಾಳೆ. ನನ್ನ ಹೆಂಡತಿಗೆ ಹಾಲಿನ ದುಡ್ಡಿಗಿಂತ ಆ ಹೋಗಿಬರುವ ದಾರಿಯೇ ಮುಖ್ಯ ಎಂದು ನನಗೆ ಅನೇಕ ಸಲ ಅನ್ನಿಸಿದೆ. ಊರಿನ ಸುದ್ದಿಯೆಲ್ಲ ಅವಳಿಗೆ ಸಿಗುವುದು ಅಲ್ಲಿಯೇ.

ಹಾಲಿನ ದರ ಇಳಿಸಿದ್ದಾರೆ ಎಂಬುದನ್ನು ಜಿಲ್ಲೆಯ ಪುಟದಲ್ಲಿ ನೋಡಿ ಗಟ್ಟಿಯಾಗಿ ಓದಿದವನು ನಾನೇ. ಎದುರುಮನೆಯ ಜಗಲಿಯಲ್ಲಿ ಅಧ್ಯಕ್ಷೆ ಸೊಪ್ಪು ಬಿಡಿಸುತ್ತಿದ್ದರು.

"ಇನ್ನೊಂದ್ ಸಲ ಓದಿ ಮೇಷ್ಟ್ರೇ."

ಓದಿದೆ. ಸೊಪ್ಪು ಅಲ್ಲೇ ಬಿಟ್ಟು ಎದ್ದರು.

ಆ ಸಾಯಂಕಾಲವೇ ಡೈರಿಯ ಮುಂದೆ ಸಭೆ. ಅಧ್ಯಕ್ಷೆಗೆ ಮೈಕು ಬೇಕಾಗಿಲ್ಲ. "ಸೋಮವಾರ ಮುಳಬಾಗಿಲಿಗೆ ಹೋಗ್ತೀವಿ. ತಾಲ್ಲೂಕು ಆಫೀಸ್ ಮುಂದೆ ಹಾಲು ಸುರೀತೀವಿ. ಮನೆಗೊಂದು ಕ್ಯಾನು. ಸುರೀದೇ ಇದ್ದೋರ ಹಾಲನ್ನ ಆಮೇಲೆ ಈ ಡೈರಿಲಿ ಅಳೆಯಲ್ಲ, ಈಗಲೇ ಹೇಳ್ತಿದೀನಿ."

ಎಲ್ಲರೂ ಹೂಂ ಅಂದರು. ನನ್ನ ಹೆಂಡತಿ ಅನ್ನಲಿಲ್ಲ. "ನಾನು ಬರ್ತೀನಿ. ಸುರಿಯೋಕೆ ಮಾತ್ರ ನನ್ನ ಕೈಲಾಗಲ್ಲ. ನೆಲಕ್ಕೆ ಹಾಲು ಬಿಡೋದು ಸತ್ತೋರಿಗೆ, ಮೂರನೇ ದಿನ."

"ರೇಟು ಸತ್ತೋಗಿದೆಯಲ್ಲೇ! ಅದರ ಹಾಲು-ತುಪ್ಪ ಅಂತ ತಿಳ್ಕೋ."

ಜನ ನಕ್ಕರು. ನನ್ನ ಹೆಂಡತಿ ನಗಲಿಲ್ಲ. ಅಧ್ಯಕ್ಷೆಯೂ ಆಮೇಲೆ ನಗು ನಿಲ್ಲಿಸಿ, "ನಿನಗೊಂದು ಕಾನೂನು, ಊರಿಗೊಂದು ಕಾನೂನು ಮಾಡೋಕೆ ನನಗಾಗಲ್ಲ ಕಣೇ. ನೀನು ನನ್ನ ಸ್ನೇಹಿತೆ ಅಂತ ಎಲ್ಲರಿಗೂ ಗೊತ್ತು. ನೀನೇ ಸುರೀದಿದ್ರೆ ಯಾರು ಸುರೀತಾರೆ?" ಎಂದರು.

ಅದು ನ್ಯಾಯವಾದ ಮಾತು ಎಂದೇ ನನಗೆ ಕಂಡಿತು.

ಆಮೇಲೆ ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ಸೀಟಿ ಇದೆಯಾ ಇನ್ನೂ? ನಮ್ಮೋರು ಒಬ್ಬೊಬ್ಬರು ಒಂದೊಂದು ಕೂಗ್ತಾರೆ, ಸಂತೆ ಆಗೋಗುತ್ತೆ. ಒಂದು ಘೋಷಣೆ ಮಾಡ್ಕೊಡಿ. ಚಿಕ್ಕದಾಗಿರ್ಲಿ, ಹೆಜ್ಜೆಗೆ ಕೂಡಬೇಕು."

ನಿವೃತ್ತನಾದ ಮೇಲೆ ಯಾರೂ ನನ್ನ ಸೀಟಿಯನ್ನು ಕೇಳಿರಲಿಲ್ಲ. ಒಪ್ಪಿಕೊಂಡೆ. ಗ್ರಾಹಕ ಕೊಡುವ ಬೆಲೆಯಲ್ಲಿ ಸಾಕುವವರಿಗೆ ಬರುವ ಪಾಲು ಕಡಿಮೆಯಾಗುತ್ತಿದೆ ಎಂಬುದೇ ಇಲ್ಲಿನ ವಿಷಯ. ಆದ್ದರಿಂದ "ನಮ್ಮ ಪಾಲು" ಎಂದು ನಾನು ಕೂಗುವುದು, "ಬಿಡೋದಿಲ್ಲ" ಎಂದು ಅವರು ಕೂಗುವುದು. ಎಡಗಾಲಿಗೆ ಒಂದು, ಬಲಗಾಲಿಗೆ ಒಂದು. ಡೈರಿಯ ಅಂಗಳದಲ್ಲಿ ಎರಡು ಸಂಜೆ ಅಭ್ಯಾಸ ಮಾಡಿಸಿದೆ. ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಈ ವಯಸ್ಸಿನಲ್ಲಿ ಡ್ರಿಲ್ ಮಾಡುವುದಕ್ಕೆ ನಾಚಿಕೆ ಎಂದುಕೊಂಡೆ. ಎಲ್ಲರಿಗಿಂತ ಹಿರಿಯಳಾದ ಅಜ್ಜಿಯೊಬ್ಬಳು ಮಾತ್ರ ನೇರವಾಗಿ ಕೇಳಿದಳು:

"ನಿಜವಾಗ್ಲೂ ಇದನ್ನೇ ಕೂಗಬೇಕಾ ಮೇಷ್ಟ್ರೇ?"

"ಇದನ್ನೇ ಅಜ್ಜಿ. ಗಟ್ಟಿಯಾಗಿ."

"ಆಗ್ಲಿ ಬಿಡಪ್ಪ, ನಿನ್ನಿಷ್ಟ."

ಮನೆಯಲ್ಲಿ ಹೆಂಡತಿಗೆ ನಾನು ಹೇಳಬೇಕಾದದ್ದನ್ನು ಹೇಳಿದೆ. ಊರು ತೀರ್ಮಾನ ಮಾಡಿದ ಮೇಲೆ ಸಾಲು ಬಿಡಬಾರದು, ಬಿಟ್ಟರೆ ಹಾಲು ಮನೆಯಲ್ಲೇ ಉಳಿಯುತ್ತದೆ, ಎದುರುಮನೆಯ ಬಾಗಿಲೂ ಮುಚ್ಚುತ್ತದೆ ಎಂದೆ.

"ಸಾಲಲ್ಲೇ ನಿಂತ್ಕೋತೀನಿ. ಕ್ಯಾನೂ ತರ್ತೀನಿ."

"ಸುರೀತೀಯಾ?"

"ಮೊದಲು ಅಲ್ಲಿಗೆ ಹೋಗೋಣ ಇರಿ."

ಮರುದಿನದ ಪ್ರತಿಭಟನೆಗೆಂದು ಭಾನುವಾರ ಸಾಯಂಕಾಲವೇ ಡೈರಿ ಮುಚ್ಚಿತ್ತು. ಹಸುಗಳಿಗೆ ಬಂದ್ ಗೊತ್ತಿಲ್ಲ, ಎಂದಿನಂತೆ ಕೆಚ್ಚಲು ತುಂಬಿಕೊಂಡು ನಿಂತಿದ್ದವು. ಅವಳು ಕರೆದು, ಕಾಯಿಸಿ, ಆರಿಸಿ, ಹೆಪ್ಪು ಹಾಕಿದಳು. ಬೆಳಿಗ್ಗೆ ನಾನು ನಡಿಗೆ ಮುಗಿಸಿ ಬಂದಾಗ ಕಡೆಯುವ ಸದ್ದು ಕೇಳುತ್ತಿತ್ತು. ಕಲ್ಲಿನ ಮೇಲೆ ಶುಂಠಿ, ಹಸಿಮೆಣಸಿನಕಾಯಿ, ಕರಿಬೇವು ಜಜ್ಜಿಟ್ಟಿದ್ದಳು. ಎಲ್ಲವನ್ನೂ ಡೈರಿಯ ಕ್ಯಾನಿಗೆ ಸುರಿದು ಮುಚ್ಚಳ ಅಮುಕಿದಳು. ನಾನು ನೋಡಿದೆ. ಕಪ್ಪುಪಟ್ಟಿ ಕಟ್ಟಿಕೊಂಡು ಕೆಲಸ ಮಾಡಿದವನು ನಾನು. ಏನು ಹೇಳಲಿ? ಸೀಟಿಯ ದಾರ ಕೊರಳಿಗೆ ಹಾಕಿಕೊಂಡು ಹೊರಟೆ.

ಮುಳಬಾಗಿಲಿನ ಬಸ್ ನಿಲ್ದಾಣದಲ್ಲಿ ಟ್ರಾಕ್ಟರುಗಳಿಂದ ಇಳಿದು ಸಾಲು ಮಾಡಿದೆವು. ಸಾಲು ಚೆನ್ನಾಗಿತ್ತು, ಅದನ್ನು ಹೇಳಲೇಬೇಕು. "ನಮ್ಮ ಪಾಲು!" "ಬಿಡೋದಿಲ್ಲ!" ಹೆಜ್ಜೆ ತಪ್ಪಲಿಲ್ಲ. ಅಂಗಡಿಯವರು ಎದ್ದು ನಿಂತು ನೋಡಿದರು. ಕೆಲವರು ನಕ್ಕರು, ಯಾಕೆಂದು ತಿಳಿಯಲಿಲ್ಲ.

ತಾಲ್ಲೂಕು ಕಚೇರಿಯ ಮುಂದೆ ಅಧ್ಯಕ್ಷೆ ಮೊದಲ ಕ್ಯಾನು ಎತ್ತಿ ಬಗ್ಗಿಸಿದರು. "ಹಾಲು ಸುರಿದು ಪ್ರತಿಭಟನೆ" ಎಂಬ ಶೀರ್ಷಿಕೆಯನ್ನು ನಾನು ಎಷ್ಟೋ ಸಲ ಓದಿದ್ದೇನೆ. ಕಣ್ಣಾರೆ ನೋಡಿದ್ದು ಅದೇ ಮೊದಲು. ಬಿಸಿ ಟಾರಿನ ಮೇಲೆ ಹಾಲು ಹರಡಿ ಚರಂಡಿಯ ಕಡೆ ಹೋಯಿತು. ಒಂದು ಬೈಕು ಅದರ ಮೇಲೆಯೇ ಹಾದು ಚಕ್ರದ ಗುರುತು ಎಳೆದುಕೊಂಡು ಹೋಯಿತು. ಎಲ್ಲಿಂದಲೋ ನಾಯಿಗಳು ಬಂದವು. ಸ್ವಲ್ಪ ಹೊತ್ತಿಗೇ ವಾಸನೆ ಎದ್ದಿತು. ಪತ್ರಿಕೆಯಲ್ಲಿ ಆ ವಾಸನೆ ಬರುವುದಿಲ್ಲ. ಸುರಿದ ಹೆಂಗಸರು ಯಾರೂ ಕೆಳಗೆ ನೋಡುತ್ತಿರಲಿಲ್ಲ. ಕ್ಯಾನು ಬಗ್ಗಿಸಿ ಮುಖ ಬೇರೆ ಕಡೆ ತಿರುಗಿಸುತ್ತಿದ್ದರು.

ನನ್ನ ಹೆಂಡತಿಯ ಸರದಿ ಬಂತು.

"ಹೂಂ, ಸುರಿಯೇ," ಎಂದರು ಅಧ್ಯಕ್ಷೆ.

ಅವಳು ಕ್ಯಾನು ಕೆಳಗಿಟ್ಟು ಮುಚ್ಚಳ ತೆಗೆದಳು. ಕರಿಬೇವು ತೇಲುತ್ತಿತ್ತು.

"ಏನೇ ಇದು?"

"ಮಜ್ಜಿಗೆ."

"ಹಾಲೆಲ್ಲೇ?"

"ಇದೇ. ನಿನ್ನೆ ಹಾಲಾಗಿತ್ತು."

ಹಿಂದೆ ಯಾರೋ ಕಿಸಕ್ಕೆಂದರು. ಅಧ್ಯಕ್ಷೆಯ ಮುಖ ಕೆಂಪಾಯಿತು. "ಊರ ಮುಂದೆ ನನ್ನ ಮರ್ಯಾದೆ ತೆಗೀಬೇಕು ಅಂತಾನೇ ಬಂದ್ಯಾ? ಎಲ್ಲಾರೂ ಮಾತು ಉಳಿಸ್ಕೊಂಡ್ರು. ನೀನೊಬ್ಬಳು ತಪ್ಪಿದೆ."

"ನಾನು ತಪ್ಪಿದ್ನಾ?" ನನ್ನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು. "ಬಸ್ ಸ್ಟ್ಯಾಂಡಿಂದ ಏನಂತ ಕೂಗ್ಕೊಂಡು ಬಂದ್ವಿ? ಪಾಲು ಬಿಡೋದಿಲ್ಲ, ಪಾಲು ಬಿಡೋದಿಲ್ಲ ಅಂತ ಗಂಟಲು ಹರಕೊಂಡು ಬಂದು ನೀವೆಲ್ಲಾ ಚರಂಡಿಗೆ ಬಿಟ್ರಿ. ನಾನೊಬ್ಬಳೇ ಬಿಟ್ಟಿಲ್ಲ. ಮಾತು ತಪ್ಪಿದ್ದು ಯಾರು, ಹೇಳೇ?"

ಆಗ ನನಗೆ ಕೇಳಿಸಿತು. ತೆಲುಗಿನಲ್ಲಿ ಹಾಲಿಗೆ ಪಾಲು ಎನ್ನುತ್ತಾರೆ. ನಾನು ಪಾಲು ಎಂದು ಹಕ್ಕಿನ ಭಾಗವನ್ನು ಬರೆದೆ, ಅವರು ಹಾಲನ್ನು ಕೂಗಿದರು. ನಮ್ಮ ಹಾಲು ಬಿಡೋದಿಲ್ಲ ಎಂದು ಕೂಗುತ್ತ ಹಾಲು ಸುರಿಯುವುದಕ್ಕೆ ನಾನೇ ಸೀಟಿ ಊದಿ ಸಾಲು ಮಾಡಿಸಿದ್ದೆ. ಮದುವೆಯಾದ ದಿನದಿಂದ "ಪಾಲು ಕಾಯ್ತು, ಪಾಲು ಉಕ್ಕಿತು" ಎಂದು ಅಡುಗೆಮನೆಯಿಂದ ಕೇಳುತ್ತಲೇ ಬಂದವನಿಗೆ ಬೀದಿಗೆ ಬಂದ ಕೂಡಲೇ ಅದು ಮರೆತುಹೋಗಿತ್ತು.

"ಅದಕ್ಕೇ ಅವತ್ತೇ ಕೇಳ್ದೆ ನಾನು ಮೇಷ್ಟ್ರನ್ನ!" ಎಂದು ಅಜ್ಜಿ ಕೂಗಿದಳು. ಎಲ್ಲರಿಗೂ ನಗು. ಕಾವಲಿಗೆ ನಿಂತಿದ್ದ ಕಾನ್‌ಸ್ಟೇಬಲ್ಲೂ ಗಡಿಯ ಕಡೆಯವನಿರಬೇಕು, ಟೋಪಿ ತೆಗೆದು ನಕ್ಕ. ಇನ್ನೂ ಸುರಿಯದೆ ಉಳಿದಿದ್ದವರು ಒಬ್ಬೊಬ್ಬರಾಗಿ ಕ್ಯಾನಿನ ಮುಚ್ಚಳ ಹಾಕಿಕೊಂಡರು. ಬಿಸಿಲು ಜೋರಾಗಿತ್ತು. ನನ್ನ ಹೆಂಡತಿ ಸೆರಗು ಸಿಕ್ಕಿಸಿ, ಕ್ಯಾನು ಬಗ್ಗಿಸಿ, ಎಲ್ಲರಿಗೂ ಮಜ್ಜಿಗೆ ಹಾಕತೊಡಗಿದಳು. ಹೆಂಗಸರು ಲೋಟ, ಕ್ಯಾನಿನ ಮುಚ್ಚಳ, ಬೊಗಸೆ ಹಿಡಿದರು. ಕಾನ್‌ಸ್ಟೇಬಲ್ ಎರಡು ಸಲ ಹಾಕಿಸಿಕೊಂಡ. ಯಾರೋ ಫೋಟೋ ತೆಗೆಯುತ್ತಿದ್ದರು.

ಅಧ್ಯಕ್ಷೆ ಮಾತ್ರ ಮನವಿಪತ್ರ ಹಿಡಿದು ಒಳಗೆ ಹೋದರು. ಹೋಗುವ ಮೊದಲು, "ಇನ್ಮೇಲೆ ನಿನ್ನ ಹಾಲು ನೀನೇ ಕುಡ್ಕೋ" ಎಂದರು. ಅದನ್ನು ಕೂಗಿ ಹೇಳಲಿಲ್ಲ. ಅದಕ್ಕೇ ನನಗೆ ಭಯವಾಯಿತು.

ಸಾಯಂಕಾಲ ಡೈರಿ ತೆರೆಯಿತು. ಹೆಂಡತಿ ಒಬ್ಬಳೇ ಹೋದಳು, ತುಂಬಿದ ಕ್ಯಾನಿನೊಂದಿಗೆ ವಾಪಸು ಬಂದಳು. ಸ್ಯಾಂಪಲ್ ತೆಗೆಯುವ ಹುಡುಗಿ ತಲೆ ತಗ್ಗಿಸಿ, "ಆಂಟಿ, ನನ್ನನ್ನ ಬೈಬೇಡಿ" ಎಂದಳಂತೆ. ಸುರಿಯದೆ ಮುಚ್ಚಳ ಹಾಕಿಕೊಂಡಿದ್ದ ಉಳಿದವರ ಹಾಲನ್ನು ಅಳೆದರು. ಅವರು ಮಾತಿನಲ್ಲಿ ಎದುರು ನಿಂತಿರಲಿಲ್ಲವಲ್ಲ. ಎದುರುಮನೆಯ ಬಾಗಿಲು ಮುಚ್ಚಿತ್ತು. ನಮ್ಮ ಮನೆಯಲ್ಲಿ ಪಾತ್ರೆಗಳಿಗೆಲ್ಲ ಹೆಪ್ಪು ಬಿತ್ತು.

ಮರುದಿನ ತಿಂಡಿಯಾದ ಮೇಲೆ ಪತ್ರಿಕೆ ಬಿಡಿಸಿದೆ. ಜಿಲ್ಲೆಯ ಪುಟದಲ್ಲಿ, ಮೇಲ್ಭಾಗದಲ್ಲಿಯೇ, ನನ್ನ ಹೆಂಡತಿ. ಸೆರಗು ಸಿಕ್ಕಿಸಿಕೊಂಡು ಕ್ಯಾನು ಬಗ್ಗಿಸಿದ್ದಾಳೆ, ಬೆಳ್ಳಗೆ ಧಾರೆ ಬೀಳುತ್ತಿದೆ. ಕೆಳಗೆ ಲೋಟ ಹಿಡಿದಿದ್ದ ಕೈಯನ್ನು ಕತ್ತರಿಸಿಬಿಟ್ಟಿದ್ದರು. "ಮುಳಬಾಗಿಲಿನಲ್ಲಿ ರಸ್ತೆಗೆ ಹಾಲು ಸುರಿದು ಆಕ್ರೋಶ ವ್ಯಕ್ತಪಡಿಸಿದ ಮಹಿಳೆ" ಎಂದು ಬರೆದಿತ್ತು. ಪಕ್ಕದ ಸುದ್ದಿಯಲ್ಲಿ ನಮ್ಮ ಡೈರಿಯ ಹೆಸರಿತ್ತು.

ಮಧ್ಯಾಹ್ನದ ಹೊತ್ತಿಗೆ ಸ್ಯಾಂಪಲ್ ಹುಡುಗಿ ಓಡಿಬಂದಳು. ಕೋಲಾರದಿಂದ, ಶ್ರೀನಿವಾಸಪುರದಿಂದ ಬೇರೆ ಡೈರಿಗಳವರು ಅಧ್ಯಕ್ಷೆಗೆ ಫೋನು ಮಾಡಿ ಹೊಗಳುತ್ತಿದ್ದಾರಂತೆ. ಫೋಟೋವನ್ನು ಕತ್ತರಿಸಿ ಡೈರಿಯ ಗೋಡೆಗೆ ಅಂಟಿಸಿದ್ದಾರಂತೆ. "ಪೇಪರಲ್ಲಿ ಬಂದೋಳನ್ನ ಹೊರಗಿಡೋಕೆ ಆಗುತ್ತಾ, ಸಾಯಂಕಾಲ ಹಾಲು ತರೋಕೆ ಹೇಳು ಅಂದ್ರು ಅಧ್ಯಕ್ಷರು, ಆಂಟಿ."

ನನಗೆ ಸಮಾಧಾನವಾಯಿತು. ಪತ್ರಿಕೆಯ ತಪ್ಪಿನಿಂದ ಮನೆಯ ಕೆಲಸ ಆಯಿತು ಎಂದುಕೊಂಡೆ. ಹೆಂಡತಿ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು.

"ಇದರ ಕೆಳಗೆ ಏನ್ ಬರ್ದಿದೆ, ಸರಿಯಾಗಿ ಓದಿ."

ಓದಿದೆ.

"ನಾನು ಚೆಲ್ಲಿದೆ ಅಂತಾನಾ? ಮಾಲೂರಲ್ಲಿ ನಮ್ಮಕ್ಕ ನೋಡಿರ್ತಾಳೆ. ಹಾಲು ಚೆಲ್ಲೋಳು ಅಂತ ನನಗೆ ಹೆಸರು! ಇದು ಗೋಡೆ ಮೇಲಿರೋ ತನಕ ನಾನು ಡೈರಿಗೆ ಹಾಲು ಹಾಕಲ್ಲ. ಹೋಗಿ ಹೇಳಮ್ಮ."

ಹಿಂದಿನ ಸಾಯಂಕಾಲ ಡೈರಿ ಇವಳನ್ನು ಬಿಟ್ಟಿತ್ತು, ಈಗ ಇವಳು ಡೈರಿಯನ್ನು ಬಿಟ್ಟಳು.

"ನೀವು ಪೇಪರ್ನೋರಿಗೆ ಬರೀತೀರಲ್ಲ, ಬರೀರಿ," ಎಂದಳು. ನಿಜ, ನನಗೆ ಆ ಅಭ್ಯಾಸವಿದೆ. ಆವನಿಯ ಹತ್ತಿರದ ಕೆರೆಯೊಂದರ ಹೆಸರು ತಪ್ಪಾಗಿ ಬಂದಾಗ ಬರೆದಿದ್ದೆ, ಕಬಡ್ಡಿ ಪಂದ್ಯದಲ್ಲಿ ಗೆದ್ದವರನ್ನು ಸೋತವರೆಂದು ಹಾಕಿದಾಗ ಬರೆದಿದ್ದೆ. ಎರಡು ಸಲವೂ ತಿದ್ದುಪಡಿ ಹಾಕಿದ್ದರು. ಈ ಸಲ ಮಾತ್ರ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತೆ. ತಿದ್ದಿದರೆ ಫೋಟೋದ ಬಲ ಹೋಗುತ್ತದೆ, ಎದುರುಮನೆಯ ಬಾಗಿಲು ಮತ್ತೆ ಮುಚ್ಚಬಹುದು. ಅವಳು ಬಾಗಿಲಲ್ಲೇ ನಿಂತಿದ್ದಳು. ಬರೆದು ಕಳಿಸಿದೆ: ಚಿತ್ರದಲ್ಲಿರುವುದು ಹಾಲಲ್ಲ, ಮಜ್ಜಿಗೆ. ಸುರಿದದ್ದು ರಸ್ತೆಗಲ್ಲ, ಲೋಟಕ್ಕೆ.

ತಿದ್ದುಪಡಿ ಬರಲಿಲ್ಲ. ದಿನವೂ ಜಿಲ್ಲೆಯ ಪುಟವನ್ನು ಅಂಚಿನವರೆಗೆ ನೋಡಿದೆ. ದರದ ಸುದ್ದಿಯೂ ಮತ್ತೆ ಬರಲಿಲ್ಲ. ಮನವಿ ಸ್ವೀಕರಿಸಿದ ಅಧಿಕಾರಿ ಮೇಲಿನವರಿಗೆ ಕಳಿಸುತ್ತೇನೆ ಎಂದಿದ್ದರು, ಅದು ಎಲ್ಲಿಗೆ ಹೋಯಿತೋ ಪತ್ರಿಕೆ ಹೇಳಲಿಲ್ಲ. ಮನೆಯಲ್ಲಿ ಮೊಸರು, ಬೆಣ್ಣೆ, ತುಪ್ಪ. ಕೇಳಿದವರಿಗೆಲ್ಲ ಕೊಟ್ಟರೂ ಮಿಗುತ್ತಿತ್ತು. ಸಾಯಂಕಾಲ ಡೈರಿಯ ಹೊತ್ತಿಗೆ ಹೆಂಡತಿ ಜಗಲಿಗೆ ಬಂದು ಕೂರುತ್ತಿದ್ದಳು. ಅಧ್ಯಕ್ಷೆ ಕ್ಯಾನು ಹಿಡಿದು ಒಬ್ಬರೇ ಹೋಗುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡದ ಹಾಗೆ ನೋಡುತ್ತಿದ್ದರು.

ಒಂದು ಸಾಯಂಕಾಲ ಅವಳೇ ಎದ್ದಳು. "ಪೇಪರ್ನೋರು ತಿದ್ದಲ್ಲ ಅಂದ್ರೆ ನಾವೇ ತಿದ್ದೋಣ. ನಿಮ್ಮ ದಪ್ಪ ಪೆನ್ನು ತಗೊಳ್ಳಿ, ಬನ್ನಿ." ಕ್ಯಾನನ್ನೂ ತೆಗೆದುಕೊಂಡಳು.

ಡೈರಿಯ ಮುಂದೆ ಸಾಲು ಇತ್ತು. ಫೋಟೋ ದರದ ಹಲಗೆಯ ಪಕ್ಕದಲ್ಲಿತ್ತು. ಹೆಂಡತಿ ನೇರವಾಗಿ ಅಧ್ಯಕ್ಷೆಯ ಮುಂದೆ ಹೋಗಿ ನಿಂತಳು.

"ಇದರಲ್ಲಿ ನಾನು ಹಾಲು ಚೆಲ್ತಾ ಇಲ್ಲ."

"ಗೊತ್ತು ಕಣೇ. ನಾನೂ ಅಲ್ಲೇ ಇದ್ನಲ್ಲ."

"ಗೊತ್ತಿದ್ದೂ ಅಂಟಿಸಿದ್ಯಾ?"

"ನಮ್ಮ ಡೈರಿ ಹೆಸರು ಪೇಪರಲ್ಲಿ ಬಂದಿದ್ದು ಅದೊಂದೇ ಸಲ. ಏನ್ ಮಾಡ್ಲಿ?" ಅಧ್ಯಕ್ಷೆ ಫೋಟೋದ ಕಡೆ ನೋಡಿದರು. "ಸುರಿದಿದ್ದು ನಾನು. ಮೊದಲ್ನೇ ಕ್ಯಾನು ನಂದು. ಅದರ ಫೋಟೋ ಯಾವನೂ ತೆಗೀಲಿಲ್ಲ. ಮಜ್ಜಿಗೆ ಹುಯ್ದೋಳು ಹೀರೋಯಿನ್ ಆಗೋದ್ಲು."

"ಹಾಗಾದ್ರೆ ಕಿತ್ತಾಕು. ಇಲ್ಲಾ, ನಿಜ ಏನು ಅಂತ ಕೆಳಗೆ ಬರೆಸು. ಆಗ ಹಾಲು ಅಳೆಸ್ತೀನಿ. ಆಗಲೂ ನಿನಗೆ ಬೇಡ ಅಂದ್ರೆ ವಾಪಸು ಹೋಗ್ತೀನಿ."

ಅಧ್ಯಕ್ಷೆ ನನ್ನ ಹೆಂಡತಿಯನ್ನು ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದ ಪೆನ್ನನ್ನು ನೋಡಿದರು.

"ಬರೀರಿ ಮೇಷ್ಟ್ರೇ. ದಪ್ಪಗೆ ಬರೀರಿ. ನಿಮ್ಮ ಘೋಷಣೆ ತರ ಎರಡೆರಡು ಅರ್ಥ ಬರೋ ಹಾಗೆ ಬೇಡ."

ಪತ್ರಿಕೆಯ ಸಾಲಿನ ಮೇಲೆ ಒಂದು ಗೆರೆ ಎಳೆದು ಕೆಳಗೆ "ಮಜ್ಜಿಗೆ" ಎಂದು ಬರೆದೆ. ತೆಲುಗಿನಲ್ಲೂ ಅದು ಮಜ್ಜಿಗೆಯೇ. ಅಜ್ಜಿಗೆ ಓದಿ ಹೇಳಿದೆ, "ಈಗ ಸರಿ ಹೋಯ್ತು" ಎಂದಳು.

ಹೆಂಡತಿ ಕ್ಯಾನು ಮುಂದಿಟ್ಟಳು. ಸ್ಯಾಂಪಲ್ ಹುಡುಗಿ ಅಧ್ಯಕ್ಷೆಯ ಮುಖ ನೋಡಿದಳು.

"ತಗೊಳ್ಳೇ. ಆದ್ರೆ ಹಾಲೋ ಮಜ್ಜಿಗೇನೋ ಮೊದಲು ನೋಡು. ಇವಳನ್ನ ನಂಬೋ ಹಾಗಿಲ್ಲ."

ವಾಪಸು ಬರುವಾಗ ಇಬ್ಬರೂ ಖಾಲಿ ಕ್ಯಾನು ಹಿಡಿದು ಮುಂದೆ, ನಾನು ಹಿಂದೆ.

"ಅವತ್ತು ಊರಿಗೆಲ್ಲಾ ಹುಯ್ದೆ, ಪೊಲೀಸ್ನೋನಿಗೂ ಹುಯ್ದೆ, ನನಗೊಬ್ಬಳಿಗೇ ಕೊಡಲಿಲ್ಲ," ಎಂದರು ಅಧ್ಯಕ್ಷೆ.

"ನೀನು ಲೋಟ ಹಿಡೀಲಿಲ್ಲ."

"ಹಿಡಿಯೋ ಹಾಗಿತ್ತೇನೇ?"

"ಈಗ ಬಾ. ನಿನ್ನ ದಯದಿಂದ ಮನೇಲಿ ಬಕೆಟ್ ತುಂಬಾ ಇದೆ."